ತಗಡಿನ ಡಬ್ಬಿಯ ಮಿಶ್ರಮಾಧ್ಯಮ ಕಲೆ

ತಗಡಿನ ಡಬ್ಬಿಯ ಮಿಶ್ರಮಾಧ್ಯಮ ಕಲೆ ಎಂದರೆ ಬಿಸ್ಕತ್ತು, ತುಪ್ಪ, ಹಾಲಿನ ಪುಡಿ, ಪೆಪ್ಪರಮೆಂಟು ಮೊದಲಾದ ಪದಾರ್ಥಗಳನ್ನು ತುಂಬಿ ಮಾರುವ ತಗಡಿನ ಡಬ್ಬಿಗಳನ್ನು, ಅವು ಬರಿದಾದ ಬಳಿಕ, ಬಣ್ಣ, ಕಾಗದ, ಬಟ್ಟೆ, ಮಣ್ಣು, ಮರ, ಲೋಹದ ಹಾಳೆ ಮುಂತಾದ ಹಲವು ಮಾಧ್ಯಮಗಳ ನೆರವಿನಿಂದ ಮಾರ್ಪಡಿಸಿ ರೂಪಿಸುವ ಕಲಾಕೃತಿ. ಡಬ್ಬಿಯ ಹೊರಮೈಯನ್ನು ಮಾತ್ರ ಅಲಂಕರಿಸುವುದು ಇದರ ಸರಳ ರೂಪ. ಒಳಭಾಗವನ್ನು ಗೂಡಿನಂತೆ ಬಳಸಿ ಚಿಕ್ಕ ದೃಶ್ಯವೊಂದನ್ನು ಕಟ್ಟುವುದು, ತಗಡನ್ನೇ ಕತ್ತರಿಸಿ ಹೊಸ ಆಕಾರ ಕೊಡುವುದು ಇದರ ಮುಂದುವರಿದ ರೂಪಗಳು. ದುಬಾರಿ ಉಪಕರಣಗಳ ಅಗತ್ಯವಿಲ್ಲದ ಕಾರಣ ಇದು ಹೆಚ್ಚಾಗಿ ಮನೆಯಲ್ಲಿಯೇ ನಡೆಯುವ ಹವ್ಯಾಸವಾಗಿದೆ. ಕರ್ನಾಟಕದ ಶಾಲೆಗಳಲ್ಲಿ ಇಂಥ ಕೆಲಸವನ್ನು ಸಾಮಾನ್ಯವಾಗಿ 'ಕಸದಿಂದ ರಸ' ಎಂಬ ಹೆಸರಿನಡಿ ಕಲಿಸಲಾಗುತ್ತದೆ.

ಇದು ಯಾವುದೇ ಒಂದು ಊರಿನ ಪರಂಪರಾಗತ ಕುಲಕಸುಬಲ್ಲ. ಆಯಾ ಪ್ರದೇಶದಲ್ಲಿ ಸಿಗುವ ವಸ್ತುಗಳಿಗೆ ಅನುಗುಣವಾಗಿ ಇದರ ಸ್ವರೂಪ ಬದಲಾಗುತ್ತದೆ. ಈ ಲೇಖನವು ಕಲೆಯ ಸಾಮಾನ್ಯ ವಿವರಗಳೊಂದಿಗೆ, ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ಭಾಗದಲ್ಲಿ ದೊರೆಯುವ ಸಾಮಗ್ರಿಗಳನ್ನೂ ಅವುಗಳ ಬಳಕೆಯಲ್ಲಿ ವಹಿಸಬೇಕಾದ ಎಚ್ಚರಿಕೆಗಳನ್ನೂ ವಿವರಿಸುತ್ತದೆ.

ಹೆಸರು

ಕನ್ನಡದಲ್ಲಿ 'ತಗಡು' ಎಂಬುದು ಯಾವುದೇ ಲೋಹದ ತೆಳುವಾದ ಹಾಳೆಗೆ ಸಲ್ಲುವ ಹಳೆಯ ಪದ. ತಾಮ್ರದ ತಗಡು, ಚಿನ್ನದ ತಗಡು ಎಂಬ ಬಳಕೆಗಳು ಇಂದಿಗೂ ಇವೆ. 'ತವರ' ಎಂಬುದು ನಿರ್ದಿಷ್ಟ ಲೋಹದ ಹೆಸರು. ಇದರ ಪರಮಾಣು ಸಂಖ್ಯೆ 50. ದಿನಬಳಕೆಯ ಮಾತಿನಲ್ಲಿ 'ಟಿನ್ನು' ಎಂದು ಕರೆಯುವ ಡಬ್ಬಿಯು ವಾಸ್ತವವಾಗಿ ತವರದ್ದಲ್ಲ. ಅದು ತವರದ ಅತಿ ತೆಳುವಾದ ಲೇಪವಿರುವ ಉಕ್ಕಿನ ತಗಡಿನದು. ಆಡುಮಾತಿನಲ್ಲಿ 'ತಗಡು' ಎಂಬುದಕ್ಕೆ ಬೆಲೆಯಿಲ್ಲದ್ದು ಎಂಬ ಅರ್ಥವೂ ಸೇರಿಕೊಂಡಿದೆ. ಬೆಲೆಯಿಲ್ಲದ್ದೆಂದು ಬದಿಗಿಟ್ಟ ವಸ್ತುವಿಗೆ ಮತ್ತೆ ಬೆಲೆ ತರುವುದೇ ಈ ಕಲೆಯ ಮೂಲ ಆಶಯವಾಗಿದೆ.

ಇತಿಹಾಸ

ತಗಡಿನ ಡಬ್ಬಿಯ ಹುಟ್ಟು

ಆಹಾರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಕೆಡದಂತೆ ಇಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ ಗಾಜಿನ ಸೀಸೆಗಳನ್ನು ಬಳಸಿ ರೂಪಿಸಿದನು. 1810ರಲ್ಲಿ ಇಂಗ್ಲೆಂಡಿನ ಪೀಟರ್ ಡುರಾಂಡ್ ತವರ ಲೇಪಿತ ಪಾತ್ರೆಗಳನ್ನೂ ಒಳಗೊಂಡ ಹಕ್ಕುಪತ್ರವನ್ನು ಪಡೆದನು. ಮೊದಲ ಡಬ್ಬಿಗಳನ್ನು ಕೈಯಿಂದಲೇ ಕತ್ತರಿಸಿ ಸೀಸಮಿಶ್ರಿತ ಬೆಸುಗೆಯಿಂದ ಮುಚ್ಚಲಾಗುತ್ತಿತ್ತು. ಅವನ್ನು ತೆರೆಯಲು ಉಳಿ ಮತ್ತು ಸುತ್ತಿಗೆಗಳು ಬೇಕಾಗುತ್ತಿದ್ದವು. ಡಬ್ಬಿ ತೆರೆಯುವ ಉಪಕರಣಗಳು ಬಂದದ್ದು ಹಲವು ದಶಕಗಳ ನಂತರ, 1850ರ ದಶಕದಲ್ಲಿ.

ಡಬ್ಬಿಯು ನೋಡಲು ಚೆಂದದ ವಸ್ತುವಾದದ್ದು ತಗಡಿನ ಮೇಲೆ ನೇರವಾಗಿ ಬಣ್ಣದ ಚಿತ್ರ ಮುದ್ರಿಸುವ ತಂತ್ರ ಬಂದ ಮೇಲೆ. ಕಲ್ಲಚ್ಚಿನ ಚಿತ್ರವನ್ನು ಮೊದಲು ಮಧ್ಯವರ್ತಿ ಉರುಳೆಗೆ, ಅಲ್ಲಿಂದ ತಗಡಿಗೆ ವರ್ಗಾಯಿಸುವ ವಿಧಾನಕ್ಕೆ 1875ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ದೊರೆಯಿತು. ಆ ಬಳಿಕ ಬಿಸ್ಕತ್ತು ತಯಾರಕರು ಚಿತ್ರಿತ ಡಬ್ಬಿಗಳನ್ನು ಹೊರತಂದರು. ಬಿಸ್ಕತ್ತು ಮುಗಿದರೂ ಡಬ್ಬಿಯನ್ನು ಮನೆಯವರು ಎಸೆಯುತ್ತಿರಲಿಲ್ಲ.

ಭಾರತದಲ್ಲಿ ತವರ ಲೇಪಿತ ತಗಡನ್ನು ತಯಾರಿಸಲು ಟಿನ್‌ಪ್ಲೇಟ್ ಕಂಪನಿಯು 1920ರಲ್ಲಿ ಸ್ಥಾಪನೆಯಾಗಿ, ಜಮ್ಶೆಡ್‌ಪುರದ ಗೋಲ್ಮುರಿಯಲ್ಲಿ ಕಾರ್ಖಾನೆಯನ್ನು ನಡೆಸಿತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ವನಸ್ಪತಿಯ ಹಳದಿ ಡಬ್ಬಿಯು ದೇಶದ ಅಡುಗೆಮನೆಗಳಲ್ಲಿ ಬಹುಕಾಲ ಉಳಿಯಿತು. ಬರಿದಾದ ಡಬ್ಬಿಗಳು ಬೇಳೆಕಾಳಿನ ಪಾತ್ರೆಯಾಗಿ, ನೀರು ಮೊಗೆಯುವ ಚೆಂಬಾಗಿ, ತುಳಸಿ ಮತ್ತು ಕನಕಾಂಬರದ ಗಿಡಗಳ ಕುಂಡವಾಗಿ ಮರುಬಳಕೆಗೊಂಡವು.

ತಗಡಿನ ಕೆಲಸ ಮತ್ತು ಕಲಾಯಿ

ಹಳೆಯ ಮೈಸೂರು ಸೀಮೆಯ ಪಟ್ಟಣಗಳಲ್ಲಿ ತಗಡಿನ ಕೆಲಸದವರು ಬಳಸಿದ ಸೀಮೆಎಣ್ಣೆ ಡಬ್ಬಗಳನ್ನು ಬಿಚ್ಚಿ, ಬುಡ್ಡಿದೀಪ, ಲಾಳಿಕೆ, ಎಣ್ಣೆ ಅಳೆಯುವ ಪಾತ್ರೆ, ಹುಂಡಿ ಡಬ್ಬಿಗಳನ್ನು ಮಾಡಿಕೊಡುತ್ತಿದ್ದರು. ಜಾತ್ರೆಗಳಲ್ಲಿ ಮಾರುವ, ಬತ್ತಿಯ ಶಾಖದಿಂದ ನೀರಿನ ಮೇಲೆ ಪಟಪಟನೆ ಸದ್ದು ಮಾಡುತ್ತ ಓಡುವ ತಗಡಿನ ದೋಣಿಯೂ ಇದೇ ಬಗೆಯ ಕೆಲಸದ ಫಲ. ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳ ಒಳಮೈಗೆ ನವಸಾಗರವನ್ನು ಬಳಸಿ ತವರದ ಲೇಪ ಕೊಡುವ ಕಲಾಯಿಯವರು ಬೀದಿಬೀದಿಗಳಲ್ಲಿ ಕುಲುಮೆ ಹೂಡುತ್ತಿದ್ದರು. ಪ್ಲಾಸ್ಟಿಕ್ಕು, ಸ್ಟೀಲು ಪಾತ್ರೆಗಳು ಮತ್ತು ವಿದ್ಯುದ್ದೀಪಗಳು ವ್ಯಾಪಕವಾದ ಮೇಲೆ ಈ ಎರಡೂ ಕಸುಬುಗಳು ಕ್ಷೀಣಿಸಿದವು. ಮನೆಯ ಹವ್ಯಾಸಿಗಳು ಇಂದು ಬಳಸುವ ಅಂಚು ಮಡಿಸುವಿಕೆ, ಕೊಂಡಿ ಜೋಡಣೆ, ಬೆಸುಗೆ ಮೊದಲಾದ ಕ್ರಮಗಳೆಲ್ಲ ಈ ಕಸುಬುದಾರರಿಗೆ ಪರಿಚಿತವಾದುವೇ.

ಆಧುನಿಕ ಕಲೆಯಲ್ಲಿ

ನಿತ್ಯಬಳಕೆಯ ವಸ್ತುಗಳನ್ನು ನೇರವಾಗಿ ಕಲಾಕೃತಿಯೊಳಗೆ ಸೇರಿಸುವ ರೂಢಿಯು ಯುರೋಪಿನಲ್ಲಿ 1912ರ ಸುಮಾರಿಗೆ ಪಿಕಾಸೊ ಮತ್ತು ಬ್ರಾಕ್ ಅವರ ಅಂಟುಚಿತ್ರಗಳಿಂದ ಬಲಗೊಂಡಿತು. ಪಿಕಾಸೊ 1914ರಲ್ಲಿ ತಗಡು ಮತ್ತು ತಂತಿಗಳಿಂದ ಗಿಟಾರಿನ ಶಿಲ್ಪವೊಂದನ್ನು ರಚಿಸಿದನು. ಜರ್ಮನಿಯ ಕುರ್ಟ್ ಶ್ವಿಟ್ಟರ್ಸ್ ಬೀದಿಯಲ್ಲಿ ಸಿಕ್ಕ ಚೀಟಿ, ಮರ, ತಗಡಿನ ತುಂಡುಗಳಿಂದ ಕೃತಿಗಳನ್ನು ಕಟ್ಟಿದನು. ಅಮೆರಿಕದ ಜೋಸೆಫ್ ಕಾರ್ನೆಲ್ ಪೆಟ್ಟಿಗೆಗಳೊಳಗೆ ಚಿತ್ರ, ಗಾಜು, ಆಟಿಕೆಗಳನ್ನು ಜೋಡಿಸಿದ ಕೃತಿಗಳಿಗೆ ಹೆಸರಾದನು. ಇಂದಿನ 'ಡಬ್ಬಿಯೊಳಗಿನ ದೃಶ್ಯ'ಗಳಿಗೆ ಈ ಪೆಟ್ಟಿಗೆಗಳು ಪ್ರಮುಖ ಪ್ರೇರಣೆ. ಮೆಕ್ಸಿಕೊದಲ್ಲಿ ತವರ ಲೇಪಿತ ತಗಡಿನ ಮೇಲೆ ಹರಕೆಯ ಚಿತ್ರ ಬರೆಯುವ ಮತ್ತು ತಗಡಿನ ಚೌಕಟ್ಟು ಮಾಡುವ ಜನಪದ ಪರಂಪರೆಯಿದೆ. ಭಾರತದಲ್ಲಿ ಎಸೆದ ವಸ್ತುಗಳಿಂದ ಕಟ್ಟಿದ ಕಲೆಗೆ ಅತಿ ಪ್ರಸಿದ್ಧ ಉದಾಹರಣೆ ನೇಕ್ ಚಂದ್ ಅವರ ಚಂಡೀಗಢದ ಶಿಲಾ ಉದ್ಯಾನ. ಅದು 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ತಗಡಿನ ಗುಣಲಕ್ಷಣಗಳು

ಡಬ್ಬಿಯ ತಗಡು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ತೆಳುವಾಗಿರುತ್ತದೆ. ಆದ್ದರಿಂದ ಕೈಕತ್ತರಿಯಿಂದ ಕತ್ತರಿಸಬಹುದು, ಮರದ ಸುತ್ತಿಗೆಯಿಂದ ಬಗ್ಗಿಸಬಹುದು. ಅದರ ಮೇಲಿನ ತವರದ ಲೇಪವು ಸುಮಾರು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಒಲೆಯ ಉರಿಗೆ ನೇರವಾಗಿ ಹಿಡಿದರೆ ಲೇಪವೂ ಒಳಗಿನ ಅರಗಿನಂಥ ಪೊರೆಯೂ ಕೆಡುತ್ತವೆ.

ತುಕ್ಕಿನ ವರ್ತನೆಯನ್ನು ತಿಳಿಯುವುದು ಈ ಕಲೆಗೆ ಅತ್ಯಗತ್ಯ. ಸತುವಿನ ಲೇಪವಿರುವ ತಗಡಿನಲ್ಲಿ ಗೀರು ಬಿದ್ದರೂ ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರದ್ದು ಇದಕ್ಕೆ ವಿರುದ್ಧ. ತವರವು ಕಬ್ಬಿಣಕ್ಕಿಂತ ಕಡಿಮೆ ಕ್ರಿಯಾಶೀಲ ಲೋಹವಾದ್ದರಿಂದ, ಲೇಪ ಅಖಂಡವಾಗಿರುವವರೆಗೆ ಮಾತ್ರ ರಕ್ಷಣೆ ಕೊಡುತ್ತದೆ. ಗೀರು ಬಿದ್ದ ಕಡೆ ಗಾಳಿ ಮತ್ತು ತೇವದಲ್ಲಿ ಕಬ್ಬಿಣವೇ ಬೇಗನೆ ತುಕ್ಕು ಹಿಡಿಯುತ್ತದೆ. ಕತ್ತರಿಸಿದ ಪ್ರತಿಯೊಂದು ಅಂಚು, ಮೊಳೆಯಿಂದ ತೂತು ಮಾಡಿದ ಪ್ರತಿಯೊಂದು ಜಾಗ ಮತ್ತು ಉಜ್ಜುಕಾಗದದಿಂದ ಉಜ್ಜಿದ ಮೇಲ್ಮೈ ಹೊಸದಾಗಿ ರಕ್ಷಣೆ ಬೇಡುವುದು ಈ ಕಾರಣಕ್ಕೆ. ಮನೆಯಲ್ಲಿ ಮಾಡಿದ ಕೃತಿಗಳು ಒಂದೆರಡು ಮಳೆಗಾಲದಲ್ಲಿ ಹಾಳಾಗುವುದಕ್ಕೆ ಮುಖ್ಯ ಕಾರಣ ಇದನ್ನು ಕಡೆಗಣಿಸುವುದೇ ಆಗಿರುತ್ತದೆ.

ಡಬ್ಬಿ ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ ಎಂಬುದನ್ನು ಅಯಸ್ಕಾಂತದಿಂದ ಪರೀಕ್ಷಿಸಬಹುದು. ಅಯಸ್ಕಾಂತ ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಮ್ಮು. ತಂಪು ಪಾನೀಯದ ಕ್ಯಾನುಗಳು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವು. ಇವು ಬಹಳ ತೆಳುವಾದ್ದರಿಂದ ಉಬ್ಬುಚಿತ್ರಕ್ಕೆ ಅನುಕೂಲ, ಆದರೆ ಸಾಮಾನ್ಯ ಬೆಸುಗೆ ಇವಕ್ಕೆ ಹಿಡಿಯುವುದಿಲ್ಲ.

ಕೋಲಾರ ಭಾಗದ ಸಾಮಗ್ರಿಗಳು

ಕೋಲಾರ ಜಿಲ್ಲೆಯು ಕರ್ನಾಟಕದ ಪೂರ್ವದ ಗಡಿಯಲ್ಲಿದ್ದು, ಆಂಧ್ರಪ್ರದೇಶ ಮತ್ತು ತಮಿಳುನಾಡುಗಳಿಗೆ ಹೊಂದಿಕೊಂಡಿದೆ. ಇಲ್ಲಿನ ಮನೆಗಳಿಗೆ ಬರುವ ಡಬ್ಬಿ, ಚೀಟಿ, ಕ್ಯಾಲೆಂಡರುಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಲಿಪಿಗಳು ಒಟ್ಟಾಗಿ ಕಾಣಸಿಗುತ್ತವೆ. ಅಂಟುಚಿತ್ರದ ಕೆಲಸಕ್ಕೆ ಈ ಲಿಪಿವೈವಿಧ್ಯವೇ ಒಂದು ಸಾಮಗ್ರಿ. ಬಳಸಿದ ಎಣ್ಣೆಯ ಟಿನ್ನುಗಳು ಹೋಟೆಲು ಮತ್ತು ಬೇಕರಿಗಳಿಂದ ಗುಜರಿ ಅಂಗಡಿಗಳಿಗೆ ಬರುತ್ತವೆ. ಉಳಿದ ಸಾಮಗ್ರಿಗಳಲ್ಲಿ ಮುಖ್ಯವಾದವು ಇವು:

ರೇಷ್ಮೆಗೂಡು: ಕೋಲಾರ ಜಿಲ್ಲೆಯು ಕರ್ನಾಟಕದ ಪ್ರಮುಖ ರೇಷ್ಮೆ ಪ್ರದೇಶಗಳಲ್ಲಿ ಒಂದು. ಚಿಟ್ಟೆ ಹೊರಬಂದು ತೂತಾದ ಗೂಡುಗಳಿಂದ ಎಳೆ ಬಿಚ್ಚಲು ಆಗುವುದಿಲ್ಲ. ಅವು ಹಾರ ಮತ್ತು ಹೂವಿನ ಕರಕುಶಲಕ್ಕೆ ಬಳಕೆಯಾಗುತ್ತವೆ. ಕತ್ತರಿಯಿಂದ ಎಸಳುಗಳಾಗಿ ಕತ್ತರಿಸಿದ ಗೂಡು ಬಣ್ಣವನ್ನು ಚೆನ್ನಾಗಿ ಹೀರುತ್ತದೆ, ಆಕಾರವನ್ನೂ ಉಳಿಸಿಕೊಳ್ಳುತ್ತದೆ. ಒಳಗೆ ಹುಳುವಿನ ಶೇಷ ಉಳಿದಿದ್ದರೆ ದುರ್ವಾಸನೆ ಬಂದು ಕೀಟಗಳು ಸೇರುವುದರಿಂದ, ಗೂಡನ್ನು ಬಿಡಿಸಿ ಒಳಭಾಗವನ್ನು ಶುಚಿಗೊಳಿಸಿ ಬಿಸಿಲಿನಲ್ಲಿ ಒಣಗಿಸಬೇಕು.

ಮಾವಿನ ವಾಟೆ: ಶ್ರೀನಿವಾಸಪುರ ತಾಲ್ಲೂಕು ಮಾವಿಗೆ ಹೆಸರಾದದ್ದು. ಒಣಗಿದ ವಾಟೆಯ ನಾರು ಹುಲ್ಲಿನ ಛಾವಣಿ, ಹಕ್ಕಿಗೂಡು, ಪ್ರಾಣಿಯ ಮೈ ಮುಂತಾದವನ್ನು ತೋರಿಸಲು ಒದಗುತ್ತದೆ. ವಾಟೆಯೊಳಗಿನ ಬೀಜದಲ್ಲಿ ಮಾವಿನ ವಾಟೆ ಕೊರಕ ಹುಳು ಅಡಗಿರುವ ಸಾಧ್ಯತೆ ಇರುವುದರಿಂದ, ವಾಟೆಯನ್ನು ಸೀಳಿ ಬೀಜ ತೆಗೆದು ಒಣಗಿಸುವುದು ವಾಡಿಕೆ.

ಹೆಂಚಿನ ಪುಡಿ ಮತ್ತು ಕೆಮ್ಮಣ್ಣು: ಮಾಲೂರು ಇಟ್ಟಿಗೆ ಮತ್ತು ಹೆಂಚಿನ ತಯಾರಿಕೆಗೆ ಪ್ರಸಿದ್ಧ. ಒಡೆದ ಹೆಂಚನ್ನು ಕುಟ್ಟಿ ಜರಡಿ ಹಿಡಿದ ಪುಡಿಯನ್ನು ಬಿಳಿ ಅಂಟಿನಲ್ಲಿ ಕಲಸಿದರೆ ಗೋಡೆಯ ಗಾರೆಯಂಥ ಒರಟು ಮೇಲ್ಮೈ ಸಿಗುತ್ತದೆ. ಕೆಮ್ಮಣ್ಣು, ಇದ್ದಿಲ ಪುಡಿ ಮತ್ತು ರಂಗೋಲಿ ಪುಡಿಗಳನ್ನು ಇದೇ ರೀತಿಯಲ್ಲಿ ಬಣ್ಣವಾಗಿ ಬಳಸಬಹುದು.

ಕಲ್ಲಿನ ಚೂರು: ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ಖ್ಯಾತಿ ಪಡೆದಿದೆ. ಕೆತ್ತನೆಯಲ್ಲಿ ಉದುರುವ ಸಣ್ಣ ಚೂರುಗಳು ಚಿಕ್ಕ ದೃಶ್ಯಗಳಲ್ಲಿ ಬಂಡೆ, ಮೆಟ್ಟಿಲು, ಗುಡ್ಡಗಳಾಗುತ್ತವೆ. ಚೂರುಗಳನ್ನು ತೊಳೆದು ಬಳಸಬೇಕು. ಕಲ್ಲಿನ ನುಣುಪಾದ ಪುಡಿಯನ್ನು ಒಣಗಿರುವಾಗ ಬಳಸುವುದು ಅಪಾಯಕರ.

ವಿಷಯ ಮತ್ತು ವಿನ್ಯಾಸಕ್ಕೂ ಈ ಭಾಗದಲ್ಲಿ ಮೂಲಗಳು ಹೇರಳವಾಗಿವೆ. ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳು, ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳ ಕಂಬಗಳು, ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಗಣಪತಿ ಮತ್ತು ಆವಣಿಯ ದೇವಾಲಯಗಳು, ಮಾವಿನ ತೋಪುಗಳು, ಚಿನ್ನದ ಗಣಿಯ ಎತ್ತರದ ಗೋಪುರಯಂತ್ರಗಳು ಇವುಗಳಲ್ಲಿ ಕೆಲವು. ಹಳೆಯ ಮನೆಗಳ ಗೋಡೆಯಲ್ಲಿರುವ ದೀಪದ ಗೂಡು ಡಬ್ಬಿಯ ಒಳಭಾಗಕ್ಕೆ ಸಹಜವಾಗಿ ಹೊಂದುವ ಮಾದರಿ.

ಪ್ರಕಾರಗಳು

ಹೊದಿಕೆ ಡಬ್ಬಿ: ಡಬ್ಬಿಯ ಬಳಕೆ ಬದಲಾಗದು, ಹೊರಮೈಗೆ ಮಾತ್ರ ಕಾಗದ, ಬಟ್ಟೆ ಅಥವಾ ಬಣ್ಣದ ಹೊದಿಕೆ ಇರುತ್ತದೆ. ಲೇಖನಿ, ಸೂಜಿದಾರ, ಗುಂಡಿಗಳನ್ನು ಇಡಲು ಬಳಸುತ್ತಾರೆ.

ಗೂಡು ಡಬ್ಬಿ: ಮುಚ್ಚಳ ತೆರೆದಾಗ ಒಳಗೆ ದೃಶ್ಯ ಅಥವಾ ಮೂರ್ತಿ ಕಾಣುವಂಥದ್ದು. ಕೀಲುಮುಚ್ಚಳದ ಚಪ್ಪಟೆ ಡಬ್ಬಿ ಇದಕ್ಕೆ ಅನುಕೂಲ.

ನೆನಪಿನ ಡಬ್ಬಿ: ಕುಟುಂಬದ ಭಾವಚಿತ್ರ, ಪತ್ರ, ಬಸ್ಸಿನ ಚೀಟಿ, ಗುಂಡಿ, ಹಳೆಯ ಸೀರೆಯ ಅಂಚು ಮುಂತಾದವನ್ನು ಜೋಡಿಸಿದ ಕೃತಿ.

ಕಂದೀಲು ಡಬ್ಬಿ: ತೂತುಗಳಿಂದ ಚಿತ್ರ ಮೂಡಿಸಿ ಒಳಗೆ ದೀಪವಿಡುವಂಥದ್ದು. ದೀಪಾವಳಿ ಮತ್ತು ಕ್ರಿಸ್‌ಮಸ್ ಸಮಯದಲ್ಲಿ ಜನಪ್ರಿಯ.

ಬೊಂಬೆ ದೃಶ್ಯ: ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯಂದು ಬೊಂಬೆ ಕೂರಿಸುವಾಗ, ಮೆಟ್ಟಿಲುಗಳ ಪಕ್ಕದಲ್ಲಿ ರಾಗಿಯ ಮೊಳಕೆಯ ಪಾರ್ಕು ಮಾಡುವ ರೂಢಿಯಿದೆ. ಕತ್ತರಿಸಿದ ಎಣ್ಣೆಟಿನ್ನಿನ ತಳಭಾಗವನ್ನು ಇಂಥ ಪಾರ್ಕಿನ ತಟ್ಟೆಯಾಗಿ ಅಲಂಕರಿಸಬಹುದು.

ತಯಾರಿಕೆಯ ಕ್ರಮ

ಆಯ್ಕೆ ಮತ್ತು ಶುಚಿಗೊಳಿಸುವಿಕೆ

ಮೊದಲ ಕೆಲಸಕ್ಕೆ ಮುಚ್ಚಳವಿರುವ, ಅಂಚು ಮಡಿಸಿದ ಬಿಸ್ಕತ್ತು ಅಥವಾ ಪೆಪ್ಪರಮೆಂಟಿನ ಡಬ್ಬಿ ಸುರಕ್ಷಿತ. ತುಪ್ಪ ಮತ್ತು ಎಣ್ಣೆಯ ಡಬ್ಬಿಗಳಲ್ಲಿ ಜಿಡ್ಡು ಉಳಿದರೆ ಬಣ್ಣವಾಗಲಿ ಅಂಟಾಗಲಿ ಹಿಡಿಯುವುದಿಲ್ಲ. ಬಿಸಿನೀರು ಮತ್ತು ಸೋಪಿನ ಪುಡಿಯಿಂದ ಎರಡು ಬಾರಿ ತೊಳೆದು, ಕೂಡಲೇ ಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿ ಒಣಗಿಸಬೇಕು. ಕೊಳವೆಬಾವಿಯ ಗಡಸು ನೀರು ತಾನಾಗಿ ಆರಿದರೆ ಬಿಳಿಯ ಕಲೆ ಉಳಿಯುವುದರಿಂದ ಒರೆಸುವುದು ಮುಖ್ಯ. ಚೀಟಿಯ ಅಂಟು ಉಳಿದಿದ್ದರೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಉಜ್ಜಿ, ಮತ್ತೆ ಸೋಪಿನಿಂದ ತೊಳೆಯಬೇಕು.

ತುಕ್ಕು ಹಿಡಿದ ಭಾಗಕ್ಕೆ ಹುಣಸೆಹಣ್ಣಿನ ರಸ ಅಥವಾ ನಿಂಬೆರಸ ಸವರಿ ಉಜ್ಜಿದರೆ ತುಕ್ಕು ಸಡಿಲವಾಗುತ್ತದೆ. ಹುಳಿಯ ಅಂಶ ಉಳಿದರೆ ತುಕ್ಕು ಮತ್ತೆ ಬೇಗ ಬರುತ್ತದೆ. ಆದ್ದರಿಂದ ಚೆನ್ನಾಗಿ ತೊಳೆದು ಒಣಗಿಸಿ, ಅದೇ ದಿನ ಪ್ರೈಮರ್ ಹಚ್ಚುವುದು ಒಳ್ಳೆಯದು.

ಅಂಚುಗಳ ಭದ್ರತೆ

ಕತ್ತರಿಸಿದ ತಗಡಿನ ಅಂಚು ಬ್ಲೇಡಿನಷ್ಟೇ ಹರಿತ. ಕತ್ತರಿಸುವ ಗೆರೆಯ ಹೊರಗೆ ಐದಾರು ಮಿಲಿಮೀಟರು ಹೆಚ್ಚಿಗೆ ಬಿಟ್ಟು, ಆ ಭಾಗವನ್ನು ಇಕ್ಕಳದಿಂದ ಒಳಕ್ಕೆ ಮಡಿಸಿ, ಮರದ ತುಂಡಿನ ಮೇಲಿಟ್ಟು ತಟ್ಟಿ ಒತ್ತಬೇಕು. ಮಡಿಸಲಾಗದ ಕಡೆ ಅರದಿಂದ ಉಜ್ಜಿ, ಉದ್ದಕ್ಕೆ ಸೀಳಿದ ಹಳೆಯ ಸೈಕಲ್ ಟ್ಯೂಬು ಅಥವಾ ಬಟ್ಟೆಯ ಪಟ್ಟಿಯನ್ನು ಅಂಟಿಸಬಹುದು. ಅಂಚಿನ ಕೆಲಸ ಮುಗಿಯದೆ ಅಲಂಕಾರಕ್ಕೆ ಕೈ ಹಾಕಬಾರದು.

ಪ್ರೈಮರ್ ಮತ್ತು ತಳಬಣ್ಣ

ಮೇಲ್ಮೈಯನ್ನು 220ರಿಂದ 400ರ ನಡುವಿನ ಅಂಕದ ಉಜ್ಜುಕಾಗದದಿಂದ ಮೃದುವಾಗಿ ಉಜ್ಜಿ ಹೊಳಪು ತೆಗೆಯಬೇಕು. ಬಳಿಕ ಧೂಳನ್ನು ಒರೆಸಿ ಲೋಹದ ಪ್ರೈಮರನ್ನು ತೆಳುವಾಗಿ ಹಚ್ಚಬೇಕು. ಕಿಟಕಿಯ ಸರಳುಗಳಿಗೆ ಬಳಿಯುವ ರೆಡ್ ಆಕ್ಸೈಡ್ ಪ್ರೈಮರ್ ಇದಕ್ಕೆ ಸಾಕು. ನೀರು ಬೆರೆತ ಬಿಳಿ ಅಂಟನ್ನಾಗಲಿ ಅಕ್ರಿಲಿಕ್ ಬಣ್ಣವನ್ನಾಗಲಿ ಬರಿಯ ತಗಡಿನ ಮೇಲೆ ನೇರವಾಗಿ ಹಚ್ಚಿದರೆ ಗೀರುಗಳಲ್ಲಿ ತುಕ್ಕು ಹುಟ್ಟಿ ಕಾಗದದ ಮೇಲೆ ಕಂದು ಕಲೆ ಮೂಡುತ್ತದೆ, ಪದರವು ಸಿಪ್ಪೆಯಂತೆ ಏಳುತ್ತದೆ. ಪ್ರೈಮರ್ ಪೂರ್ತಿ ಆರಿದ ಮೇಲೆಯೇ ಅಕ್ರಿಲಿಕ್ ಅಥವಾ ಎನಾಮೆಲ್ ತಳಬಣ್ಣ ಹಚ್ಚಬೇಕು. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪಗಳು ಗಟ್ಟಿಯಾಗಿ ನಿಲ್ಲುತ್ತವೆ.

ಅಂಟುಚಿತ್ರ

ಕಾಗದವನ್ನು ಕತ್ತರಿಸುವುದಕ್ಕಿಂತ ಕೈಯಿಂದ ಹರಿದರೆ ಅಂಚು ತೆಳುವಾಗಿ ಮೇಲ್ಮೈಯಲ್ಲಿ ಬೆರೆಯುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ, ತಗಡಿಗೂ ಕಾಗದದ ಹಿಂಬದಿಗೂ ಸವರಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿಗುಳ್ಳೆಗಳನ್ನು ಹೊರದೂಡಬೇಕು. ಇಂಕ್‌ಜೆಟ್ ಯಂತ್ರದ ಮುದ್ರಣಗಳು ನೀರಿನಂಶಕ್ಕೆ ಬಣ್ಣ ಬಿಡುತ್ತವೆ. ಜೆರಾಕ್ಸ್ ಮತ್ತು ಲೇಸರ್ ಪ್ರತಿಗಳು ಬಿಡುವುದಿಲ್ಲ. ಕುಟುಂಬದ ಹಳೆಯ ಭಾವಚಿತ್ರ ಅಥವಾ ಪತ್ರಗಳ ಮೂಲಪ್ರತಿಯನ್ನು ಎಂದೂ ಅಂಟಿಸಬಾರದು; ಅಂಟಿಸಿದ ಮೇಲೆ ಅದನ್ನು ಹಾನಿಯಿಲ್ಲದೆ ಬಿಡಿಸಲು ಸಾಧ್ಯವಿಲ್ಲ. ಪ್ರತಿ ಮಾಡಿಸಿ ಬಳಸುವುದೇ ಸರಿಯಾದ ಕ್ರಮ.

ಉಬ್ಬುಕೆಲಸ

ಉಬ್ಬಿದ ಆಕೃತಿಗಳಿಗೆ ಎರಡು ಭಾಗಗಳನ್ನು ಕಲಸಿ ಬಳಸುವ ಎಂ-ಸೀಲ್‌ನಂಥ ಎಪಾಕ್ಸಿ ಮೆತ್ತೆ ಅಥವಾ ಕಾಗದದ ಹಿಟ್ಟು ಒದಗುತ್ತದೆ. ಎಪಾಕ್ಸಿ ಬೇಗನೆ ಗಟ್ಟಿಯಾಗುವುದರಿಂದ ಬೇಕಾದಷ್ಟನ್ನೇ ಕಲಸಬೇಕು. ಲೋಹದ ಉಬ್ಬುಚಿತ್ರಕ್ಕೆ ತೆಳುವಾದ ಅಲ್ಯೂಮಿನಿಯಮ್ ಅಥವಾ ಹಿತ್ತಾಳೆ ಹಾಳೆಯನ್ನು ಹಳೆಯ ಪತ್ರಿಕೆಗಳ ಅಟ್ಟಿಯ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಹಿಂಬದಿಯಲ್ಲಿ ಗೆರೆ ಎಳೆಯುತ್ತಾರೆ. ಮುಂಬದಿಯಲ್ಲಿ ಚಿತ್ರ ಉಬ್ಬಿ ನಿಲ್ಲುತ್ತದೆ. ಅಕ್ಷರಗಳನ್ನು ಹಿಂಬದಿಯಲ್ಲಿ ತಿರುವುಮುರುವಾಗಿ ಬರೆಯಬೇಕಾಗುತ್ತದೆ. ಉಬ್ಬಿನ ಹಿಂದಿನ ಪೊಳ್ಳಿಗೆ ಮೆತ್ತೆ ತುಂಬಿದರೆ ಅದು ಒತ್ತಡಕ್ಕೆ ಕುಸಿಯುವುದಿಲ್ಲ.

ತೂತುಗಳು

ಬರಿಯ ಡಬ್ಬಿಗೆ ಮೊಳೆ ಹೊಡೆದರೆ ತಗಡು ಒಳಕ್ಕೆ ಕುಸಿಯುತ್ತದೆ. ಇದನ್ನು ತಡೆಯಲು ಡಬ್ಬಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟು ಮಂಜುಗಡ್ಡೆ ಮಾಡಿ, ಅದರ ಆಧಾರದ ಮೇಲೆ ತೂತು ಹೊಡೆಯುವುದು ಬಳಕೆಯ ಉಪಾಯ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಮೇಲೆ ಜಾಗ ಬಿಡದಿದ್ದರೆ ಡಬ್ಬಿಯ ತಳ ಉಬ್ಬುತ್ತದೆ. ಫ್ರಿಜ್ ಇಲ್ಲದ ಕಡೆ ಒದ್ದೆ ಮರಳನ್ನು ಗಟ್ಟಿಯಾಗಿ ತುಂಬಿ ಬಳಸಬಹುದು. ತೂತಿನ ಒಳಬದಿಯ ಮುಳ್ಳುಗಳನ್ನು ಅರದಿಂದ ಉಜ್ಜಿ ಪ್ರೈಮರ್ ಮುಟ್ಟಿಸಬೇಕು.

ಜೋಡಣೆ ಮತ್ತು ಕೊನೆಯ ಲೇಪ

ಭಾಗಗಳನ್ನು ತಂತಿ, ರಿವೆಟ್, ಸ್ಕ್ರೂ, ಎಪಾಕ್ಸಿ ಅಥವಾ ಬೆಸುಗೆಯಿಂದ ಜೋಡಿಸಬಹುದು. ಹವ್ಯಾಸಿಗಳಿಗೆ ತಂತಿ ಮತ್ತು ರಿವೆಟ್ ಸುಲಭ. ಮುಂದೆ ಬಿಚ್ಚಲೂ ಆಗುತ್ತದೆ. ಕೃತಿ ಪೂರ್ತಿಯಾದ ಮೇಲೆ ವಾರ್ನಿಶನ್ನು ಎರಡು ಬಾರಿ, ಮುಚ್ಚಳದ ಕೀಲು ಮತ್ತು ತಳದ ಮಡಿಕೆಗಳನ್ನೂ ಬಿಡದೆ, ಹಚ್ಚಬೇಕು. ಮಳೆಗಾಲದ ತೇವದಲ್ಲಿ ವಾರ್ನಿಶ್ ಹಚ್ಚಿದರೆ ಅದು ಹಾಲಿನಂತೆ ಮಬ್ಬಾಗುವ ಸಾಧ್ಯತೆ ಇದೆ.

ಸುರಕ್ಷತೆ

ಆಹಾರದ ಮರುಬಳಕೆ ಸಲ್ಲದು: ಬಣ್ಣ, ಅಂಟು, ವಾರ್ನಿಶ್ ತಾಗಿದ ಡಬ್ಬಿಯಲ್ಲಿ ತಿನ್ನುವ ಪದಾರ್ಥ ಇಡಬಾರದು. ಬಳಸಿದ ತಗಡಿನ ಡಬ್ಬಿಗಳಲ್ಲಿ ಮತ್ತೆ ಖಾದ್ಯತೈಲ ತುಂಬಿ ಮಾರುವುದನ್ನು ಭಾರತದ ಆಹಾರ ಸುರಕ್ಷತಾ ನಿಯಮಗಳೂ ನಿಷೇಧಿಸಿವೆ.

ಹಳೆಯ ಡಬ್ಬಿಗಳಲ್ಲಿ ಸೀಸ: ಹಿಂದಿನ ಕಾಲದ ಡಬ್ಬಿಗಳ ಪಕ್ಕದ ಸೇರುವೆಯಲ್ಲಿ ಸೀಸದ ಬೆಸುಗೆಯೂ, ಹೊರಮೈಯ ಬಣ್ಣದಲ್ಲಿ ಸೀಸದ ಅಂಶವೂ ಇರಬಹುದು. ಸೇರುವೆಯು ಅಗಲವಾಗಿ, ಮಂಕು ಬೂದುಬಣ್ಣದ ಪಟ್ಟಿಯಂತಿದ್ದರೆ ಅದು ಬೆಸುಗೆಯ ಡಬ್ಬಿ. ಇಂಥವನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಬಾರದು, ಮಕ್ಕಳ ಕೈಗೆ ಕೊಡಬಾರದು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮವು 2016ರಲ್ಲಿ ಪ್ರಕಟವಾಗಿ, 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕಿಂತ ಹಳೆಯ ಬಣ್ಣದ ಡಬ್ಬಗಳನ್ನು ಮನೆಯಲ್ಲಿ ಹುಡುಕಿ ಬಳಸುವುದು ಒಳ್ಳೆಯದಲ್ಲ.

ಕೀಟನಾಶಕದ ಡಬ್ಬಿಗಳು: ಮಾವು, ಟೊಮೆಟೊ ಮತ್ತು ತರಕಾರಿ ಬೆಳೆಯುವ ಊರುಗಳಲ್ಲಿ ಕೀಟನಾಶಕದ ಖಾಲಿ ಡಬ್ಬಿಗಳು ಹೊಲದ ಬದುಗಳಲ್ಲಿ ಬಿದ್ದಿರುವುದುಂಟು. ಎಷ್ಟು ತೊಳೆದರೂ ಇವು ಕರಕುಶಲಕ್ಕೆ ಯೋಗ್ಯವಲ್ಲ. ಇವು ಮರುಬಳಕೆಯಾಗದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸುತ್ತವೆ.

ಒತ್ತಡದ ಡಬ್ಬಿಗಳು: ಸುಗಂಧ, ಸೊಳ್ಳೆನಾಶಕ, ಬಣ್ಣದ ಸ್ಪ್ರೇ ಡಬ್ಬಿಗಳನ್ನು ಖಾಲಿಯಾದ ಮೇಲೂ ಕತ್ತರಿಸಬಾರದು, ತೂತು ಮಾಡಬಾರದು. ಒಳಗೆ ಉಳಿದ ಅನಿಲ ಸಿಡಿಯುತ್ತದೆ. ಥಿನ್ನರ್, ಪೆಟ್ರೋಲ್ ತುಂಬಿದ್ದ ಡಬ್ಬಿಗಳಿಗೆ ಬೆಸುಗೆಯ ಶಾಖ ತಾಗಿಸುವುದೂ ಅಷ್ಟೇ ಅಪಾಯಕರ.

ಧೂಳು: ಕಲ್ಲಿನ ನುಣುಪಾದ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆಗೆ ಕಾರಣವಾಗುತ್ತದೆ. ಕೋಲಾರ ಚಿನ್ನದ ಗಣಿಯ ಕಾರ್ಮಿಕರನ್ನು ತಲೆಮಾರುಗಳವರೆಗೆ ಕಾಡಿದ ಕಾಯಿಲೆ ಇದೇ. 2001ರಲ್ಲಿ ಮುಚ್ಚಿದ ಆ ಗಣಿಗಳ ಸುತ್ತ, ಅದಿರನ್ನು ಸಂಸ್ಕರಿಸಿ ಉಳಿದ ನುಣುಪು ಪುಡಿಯ ದೊಡ್ಡ ದಿಬ್ಬಗಳಿವೆ. ಜನ ಅವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ನೋಡಲು ಮರಳಿನಂತೆ ಚೆಂದವಾಗಿದ್ದರೂ ಆ ಪುಡಿಯನ್ನು ಕಲಾಕೃತಿಗಾಗಿ ತರಬಾರದು. ಹೆಂಚು ಕುಟ್ಟುವಾಗಲೂ ತೇವ ಮಾಡಿ ಕುಟ್ಟುವುದು, ಮುಖಗವಸು ಧರಿಸುವುದು ಅಗತ್ಯ.

ಗಾಯ: ದಪ್ಪ ಕೈಗವಸು ಮತ್ತು ಕನ್ನಡಕ ಧರಿಸಬೇಕು. ಚೂರುಗಳನ್ನು ಕೈಯಿಂದ ಗುಡಿಸದೆ ಅಯಸ್ಕಾಂತದಿಂದ ಎತ್ತಬೇಕು. ತಗಡು ಆಳವಾಗಿ ಕೊಯ್ದರೆ ಗಾಯವನ್ನು ಸೋಪು ಮತ್ತು ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕಾಣಬೇಕು. ಮಕ್ಕಳಿಗೆ ಅಂಟುಚಿತ್ರ ಮತ್ತು ಬಣ್ಣದ ಕೆಲಸವನ್ನು ಮಾತ್ರ ಕೊಟ್ಟು, ಕತ್ತರಿಸುವ ಕೆಲಸವನ್ನು ಹಿರಿಯರು ಮಾಡಬೇಕು.

ಸಂರಕ್ಷಣೆ

ಸಿದ್ಧವಾದ ಕೃತಿಯನ್ನು ನೇರ ಬಿಸಿಲು, ಅಡುಗೆಮನೆಯ ಹಬೆ ಮತ್ತು ತೇವದ ಗೋಡೆಗಳಿಂದ ದೂರವಿಡಬೇಕು. ಬಿಸಿಲಿಗೆ ಲೋಹ ಹಿಗ್ಗಿ ಕುಗ್ಗುವುದರಿಂದ ಅಂಟು ಬಿಡುತ್ತದೆ, ಪತ್ರಿಕೆಯ ಕಾಗದ ಹಳದಿಯಾಗುತ್ತದೆ. ಒಣಬಟ್ಟೆ ಅಥವಾ ಮೃದು ಕುಂಚದಿಂದ ಧೂಳು ತೆಗೆಯಬೇಕು. ಒದ್ದೆ ಬಟ್ಟೆ ಬಳಸಬಾರದು. ತುಕ್ಕಿನ ಚುಕ್ಕೆ ಕಂಡರೆ ಆ ಜಾಗವನ್ನಷ್ಟೇ ಉಜ್ಜಿ ಪ್ರೈಮರ್ ಮುಟ್ಟಿಸುವುದರಿಂದ ಹರಡುವಿಕೆಯನ್ನು ತಡೆಯಬಹುದು. ರೇಷ್ಮೆಗೂಡು, ಬಟ್ಟೆ, ವಾಟೆಗಳಿರುವ ಕೃತಿಗಳನ್ನು ಆಗಾಗ ಕೀಟಗಳಿಗಾಗಿ ಪರೀಕ್ಷಿಸಬೇಕು.

ಪರಿಸರ ಮತ್ತು ಚರ್ಚೆಗಳು

ಈ ಕಲೆಯನ್ನು ಸಾಮಾನ್ಯವಾಗಿ ಪರಿಸರಸ್ನೇಹಿ ಎಂದು ಪರಿಗಣಿಸಲಾಗುತ್ತದೆ. ಆದರೆ ಈ ಮಾತನ್ನು ಪೂರ್ತಿಯಾಗಿ ಒಪ್ಪಲು ಬರುವುದಿಲ್ಲ. ಉಕ್ಕಿನ ಡಬ್ಬಿಯು ಗುಜರಿಯ ಮೂಲಕ ಕುಲುಮೆಗೆ ಹೋದರೆ ಮತ್ತೆ ಉಕ್ಕಾಗುತ್ತದೆ, ಅದನ್ನು ಆಯ್ದವರಿಗೆ ನಾಲ್ಕು ಕಾಸೂ ಸಿಗುತ್ತದೆ. ಅದೇ ಡಬ್ಬಿಗೆ ಎಪಾಕ್ಸಿ, ಪ್ಲಾಸ್ಟಿಕ್ ಮಣಿ, ಮಿನುಗುಪುಡಿ, ಬಟ್ಟೆಗಳನ್ನು ಅಂಟಿಸಿದರೆ ಅದು ಬೇರ್ಪಡಿಸಲಾಗದ ಮಿಶ್ರ ಕಸವಾಗುತ್ತದೆ. ಸ್ಪರ್ಧೆಯ ದಿನ ಬಹುಮಾನ ಪಡೆದು ಮರುವಾರ ಕಸದ ಬುಟ್ಟಿ ಸೇರುವ ಕೃತಿಯು, ಕಸದಿಂದ ರಸ ತೆಗೆಯುವ ಬದಲು ಶುದ್ಧ ಲೋಹವನ್ನು ಕಸವಾಗಿಸಿದಂತಾಗುತ್ತದೆ. ದೀರ್ಘಕಾಲ ಉಳಿಸಿಕೊಳ್ಳುವ ಕೃತಿಗಳನ್ನಷ್ಟೇ ಮಾಡುವುದು, ಬಿಚ್ಚಬಹುದಾದ ಜೋಡಣೆ ಬಳಸುವುದು ಮತ್ತು ಮಣ್ಣು, ಕಾಗದ, ಗೂಡು, ವಾಟೆಗಳಂಥ ಸಹಜ ವಸ್ತುಗಳಿಗೆ ಆದ್ಯತೆ ಕೊಡುವುದು ಇದಕ್ಕೆ ಪರಿಹಾರ. ಅಲಂಕಾರಕ್ಕೆಂದೇ ಹೊಸ ಡಬ್ಬಿ ಕೊಳ್ಳುವುದು ಕಲೆಯ ಆಶಯಕ್ಕೆ ವಿರುದ್ಧ.

ಎರಡನೆಯ ಪ್ರಶ್ನೆ ಹಳೆಯ ಡಬ್ಬಿಗಳಿಗೆ ಸಂಬಂಧಿಸಿದ್ದು. ಚಿತ್ರಮುದ್ರಿತ ಹಳೆಯ ಡಬ್ಬಿಯು ಮುದ್ರಣಕಲೆ, ವ್ಯಾಪಾರ ಮತ್ತು ಗೃಹಜೀವನದ ದಾಖಲೆಯೂ ಹೌದು. ಅದರ ಮೇಲೆ ಬಣ್ಣ ಬಳಿದರೆ ಆ ದಾಖಲೆ ಅಳಿಯುತ್ತದೆ. ಆದ್ದರಿಂದ ಅಚ್ಚು ಚೆನ್ನಾಗಿ ಉಳಿದಿರುವ ಡಬ್ಬಿಯನ್ನು ಹಾಗೆಯೇ ಇಟ್ಟು, ಜಜ್ಜಿದ ಅಥವಾ ಅಚ್ಚು ಅಳಿದ ಡಬ್ಬಿಗಳನ್ನು ಮಾತ್ರ ಕೆಲಸಕ್ಕೆ ತೆಗೆದುಕೊಳ್ಳುವುದು ಉಚಿತ. ದೇವರ ಚಿತ್ರವಿರುವ ಕ್ಯಾಲೆಂಡರುಗಳ ಬಳಕೆಯಲ್ಲಿಯೂ ವಿವೇಚನೆ ಬೇಕು. ನೆಲದ ಮೇಲಿಡುವ, ಕಾಲು ತಾಗುವ ಅಥವಾ ಮುಂದೆ ಕಸಕ್ಕೆ ಹೋಗುವ ವಸ್ತುಗಳಿಗೆ ಅಂಥ ಚಿತ್ರಗಳನ್ನು ಅಂಟಿಸದಿರುವುದು ಮನೆಗಳಲ್ಲಿ ಸಾಮಾನ್ಯವಾಗಿ ಪಾಲಿಸುವ ಮರ್ಯಾದೆ.

ಇವನ್ನೂ ನೋಡಿ

ತವರ
ಕಲಾಯಿ
ಅಂಟುಚಿತ್ರ
ಶಿವಾರಪಟ್ಟಣ
ಕೋಲಾರ ಜಿಲ್ಲೆ
ಕೋಲಾರ ಚಿನ್ನದ ಗಣಿ
ರೇಷ್ಮೆ ಕೃಷಿ
ದಸರಾ ಬೊಂಬೆ